ಮಂಗಳ ಗ್ರಹದ ಮೇಲ್ಮೈ ಶಿಲೆಗಳು ಹಾಗೂ ಖನಿಜ ಸಂಯೋಜನೆ : ಸಾರ್ವಜನಿಕ ಮಾಹಿತಿ

ಪೀಠಿಕೆ

ಸೌರಮಂಡಲದಲ್ಲಿ ಗಟ್ಟಿ ಶಿಲೆಯ ಹೊರಪದರವನ್ನು ಹೊಂದಿರುವ ಬುಧ, ಶುಕ್ರ, ಭೂಮಿ ಹಾಗೂ ಮಂಗಳ ಗ್ರಹಗಳನ್ನು ಶಿಲಾಗ್ರಹಗಳೆಂದು ಕರೆಯಲಾಗುತ್ತದೆ. ಭೂಮಿಯನ್ನು ಹೊರತುಪಡಿಸಿದರೆ ಇವುಗಳ ಪೈಕಿ ಅತ್ಯಂತ ವಿವರವಾದ ಭೂವೈಜ್ಞಾನಿಕ ಅಧ್ಯಯನಕ್ಕೆ ಒಳಪಟ್ಟಿರುವುದು ಮಂಗಳ ಗ್ರಹ. ಅಲ್ಲಿನ ಶಿಲೆಗಳನ್ನು ಹೇಗೆ ಗುರುತಿಸಲಾಗುತ್ತದೆ, ಈವರೆಗೆ ಏನು ತಿಳಿದುಬಂದಿದೆ ಮತ್ತು ಯಾವ ಪ್ರಶ್ನೆಗಳು ಇತ್ಯರ್ಥವಾಗದೆ ಉಳಿದಿವೆ ಎಂಬುದನ್ನು ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಸಾರ್ವಜನಿಕರ ಉಪಯೋಗಕ್ಕಾಗಿ ಈ ಪುಟದಲ್ಲಿ ನೀಡಲಾಗಿದೆ. ಉಲ್ಕಾಶಿಲೆ ಎಂದು ಭಾವಿಸಿದ ಕಲ್ಲಿನ ಬಗ್ಗೆ ವಿಚಾರಿಸಲು ಬಯಸುವವರು ಕೊನೆಯ ಭಾಗವನ್ನು ಗಮನಿಸಬಹುದು.

ಆರಂಭದಲ್ಲಿಯೇ ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಸೂಕ್ತ. ಇಲ್ಲಿಯವರೆಗೆ ಯಾವುದೇ ದೇಶದ ಯಾವುದೇ ನೌಕೆಯು ಮಂಗಳದ ನೆಲದಿಂದ ಒಂದು ಚೂರು ಕಲ್ಲನ್ನೂ ಭೂಮಿಗೆ ತಂದಿರುವುದಿಲ್ಲ. ಕೆಳಗೆ ವಿವರಿಸಿರುವ ತಿಳಿವಳಿಕೆಯೆಲ್ಲವೂ ದೂರದಿಂದ ನೋಡಿದ್ದು, ಯಂತ್ರಗಳ ಮೂಲಕ ಅಳೆದದ್ದು ಅಥವಾ ತಾನಾಗಿಯೇ ಆಕಾಶದಿಂದ ಬಿದ್ದ ಕಲ್ಲುಗಳಿಂದ ದೊರೆತದ್ದು. ಈ ಮಿತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ವಿವರಗಳನ್ನು ಓದಬೇಕಾಗಿ ಕೋರಲಾಗಿದೆ.

ಗ್ರಹದ ಸಾಮಾನ್ಯ ಸ್ವರೂಪ

ಮಂಗಳದ ವ್ಯಾಸ ಸುಮಾರು 6,780 ಕಿ.ಮೀ., ಅಂದರೆ ಭೂಮಿಯ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಅಲ್ಲಿ ಸಮುದ್ರಗಳಿಲ್ಲದ ಕಾರಣ ಅದರ ಒಟ್ಟು ಮೇಲ್ಮೈ ವಿಸ್ತೀರ್ಣವು ಭೂಮಿಯ ಎಲ್ಲ ಖಂಡಗಳ ನೆಲದ ವಿಸ್ತೀರ್ಣಕ್ಕೆ ಹೆಚ್ಚುಕಡಿಮೆ ಸಮನಾಗಿದೆ. ಗ್ರಹದ ದಕ್ಷಿಣ ಭಾಗವು ಎತ್ತರವಾಗಿದ್ದು ಹಳೆಯ ಕುಳಿಗಳಿಂದ ತುಂಬಿದೆ. ಉತ್ತರ ಭಾಗವು ತಗ್ಗಾಗಿಯೂ ಸಮತಟ್ಟಾಗಿಯೂ ಇದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದರ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಒಲಿಂಪಸ್ ಮಾನ್ಸ್ ಎಂಬ ಜ್ವಾಲಾಮುಖಿಯು ಸುಮಾರು 22 ಕಿ.ಮೀ. ಎತ್ತರವಿದ್ದು ಅದರ ಬುಡದ ಅಗಲ ಸುಮಾರು 600 ಕಿ.ಮೀ. ಇದೆ. ವ್ಯಾಲೆಸ್ ಮರಿನೆರಿಸ್ ಎಂಬ ಕಣಿವೆ ಸಮೂಹವು ಸುಮಾರು 4,000 ಕಿ.ಮೀ. ಉದ್ದವಾಗಿದ್ದು ಕೆಲವೆಡೆ 7 ಕಿ.ಮೀ. ಆಳವಿದೆ. ಕಣಿವೆಯ ಗೋಡೆಗಳಲ್ಲಿ ಒಂದರ ಮೇಲೊಂದು ಹರಿದು ನಿಂತ ಲಾವಾ ಪದರಗಳು ಕಾಣಿಸುವುದರಿಂದ, ಗ್ರಹದ ಚರ್ಮವನ್ನು ಸೀಳಿ ತೋರಿಸಿದಂತಾಗಿ ಭೂವಿಜ್ಞಾನಿಗಳಿಗೆ ಇದು ಬಹಳ ಉಪಯುಕ್ತವಾಗಿದೆ.

1965ರಲ್ಲಿ ಮರೈನರ್ 4 ನೌಕೆಯು ಹತ್ತಿರದಿಂದ ಹಾದುಹೋಗುತ್ತ ಕಳುಹಿಸಿದ ಕೆಲವೇ ಚಿತ್ರಗಳಲ್ಲಿ ಕುಳಿಗಳು ಮಾತ್ರ ಕಂಡಿದ್ದರಿಂದ, ಮಂಗಳವು ಚಂದ್ರನಂತೆಯೇ ಸತ್ತ ಲೋಕವೆಂದು ಭಾವಿಸಲಾಯಿತು. 1971ರಲ್ಲಿ ಕಕ್ಷೆ ಸೇರಿದ ಮರೈನರ್ 9 ನೌಕೆಯು ಧೂಳಿನ ಬಿರುಗಾಳಿ ಅಡಗುವವರೆಗೆ ಕಾದು, ನಂತರ ಇಡೀ ಗ್ರಹದ ಚಿತ್ರಗಳನ್ನು ತೆಗೆದಾಗ ಜ್ವಾಲಾಮುಖಿಗಳು, ಕಣಿವೆಗಳು, ಒಣಗಿದ ನದಿಪಾತ್ರಗಳು ಕಂಡುಬಂದವು. ಗ್ರಹದ ಅಲ್ಪ ಭಾಗವನ್ನು ನೋಡಿ ಇಡೀ ಗ್ರಹವನ್ನು ನಿರ್ಣಯಿಸುವ ಅಪಾಯಕ್ಕೆ ಇದು ಮೊದಲ ಉದಾಹರಣೆ. ಕೊನೆಯ ಉದಾಹರಣೆಯಲ್ಲ.

ಕಕ್ಷೆಯಿಂದ ಶಿಲೆಗಳನ್ನು ಗುರುತಿಸುವ ವಿಧಾನ

ಪ್ರತಿಯೊಂದು ಖನಿಜವೂ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಕೆಲವು ಅಲೆಯುದ್ದದ ಬೆಳಕನ್ನು ಹೀರಿಕೊಂಡು ಉಳಿದುದನ್ನು ಪ್ರತಿಫಲಿಸುತ್ತದೆ. ಪ್ರತಿಫಲಿತ ಬೆಳಕನ್ನು, ವಿಶೇಷವಾಗಿ ಕಣ್ಣಿಗೆ ಕಾಣದ ಅವಕೆಂಪು ಭಾಗವನ್ನು, ರೋಹಿತಮಾಪಕ ಎಂಬ ಉಪಕರಣದಿಂದ ಬಿಡಿಸಿ ನೋಡಿದಲ್ಲಿ ಯಾವ ಅಲೆಯುದ್ದದ ಬೆಳಕು ಕಡಿಮೆಯಾಗಿದೆ ಎಂಬುದು ತಿಳಿಯುತ್ತದೆ. ಅದರಿಂದ ಖನಿಜದ ಗುರುತು ಸಿಗುತ್ತದೆ. 2003ರಲ್ಲಿ ಉಡಾವಣೆಗೊಂಡ ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ಹಾಗೂ 2006ರಲ್ಲಿ ಕಕ್ಷೆ ಸೇರಿದ ಅಮೆರಿಕದ ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್ ನೌಕೆಗಳು ಈ ವಿಧಾನದಿಂದ ಜೇಡಿ ಖನಿಜಗಳನ್ನು, ಅಂದರೆ ನೀರಿನ ಸಂಪರ್ಕದಿಂದ ಮಾತ್ರ ಉಂಟಾಗುವ ಖನಿಜಗಳನ್ನು, ಹಳೆಯ ಪ್ರದೇಶಗಳ ಅನೇಕ ಕಡೆಗಳಲ್ಲಿ ಪತ್ತೆಹಚ್ಚಿದವು.

ಎರಡನೆಯ ವಿಧಾನವು ಗಾಮಾ ಕಿರಣ ಹಾಗೂ ನ್ಯೂಟ್ರಾನ್‌ಗಳ ಅಳತೆ. ವಿಶ್ವಕಿರಣಗಳು ಮಂಗಳದ ನೆಲಕ್ಕೆ ಬಡಿದಾಗ ಅಲ್ಲಿನ ಪರಮಾಣುಗಳಿಂದ ಹೊಮ್ಮುವ ಕಿರಣಗಳನ್ನು ಕಕ್ಷೆಯಿಂದಲೇ ಅಳೆಯಲು ಸಾಧ್ಯ. 2001ರಲ್ಲಿ ಕಕ್ಷೆ ಸೇರಿದ ಮಾರ್ಸ್ ಒಡಿಸ್ಸಿ ನೌಕೆಯು ಧ್ರುವಗಳ ಸುತ್ತಮುತ್ತ ನೆಲದ ಮೇಲ್ಪದರದಲ್ಲಿಯೇ ಅಪಾರ ಜಲಜನಕವಿರುವುದನ್ನು, ಅಂದರೆ ಹೂತುಹೋದ ನೀರ್ಗಲ್ಲು ಇರುವುದನ್ನು, ಈ ಮೂಲಕ 2002ರಲ್ಲಿ ತೋರಿಸಿಕೊಟ್ಟಿತು. 2008ರಲ್ಲಿ ಉತ್ತರ ಧ್ರುವದ ಸಮೀಪ ಇಳಿದ ಫೀನಿಕ್ಸ್ ನೌಕೆಯು ಕೆಲವೇ ಸೆಂಟಿಮೀಟರ್ ಕೆರೆದಾಗ ಆ ನೀರ್ಗಲ್ಲು ಕಣ್ಣಿಗೇ ಕಂಡಿತು. ಅದೇ ನೌಕೆಯು ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವನ್ನೂ ಪತ್ತೆಹಚ್ಚಿತು.

ಎಲ್ಲೆಡೆ ಹರಡಿರುವ ಕೆಂಪು ಧೂಳು ಈ ಕಾರ್ಯಕ್ಕೆ ದೊಡ್ಡ ಅಡಚಣೆ. ರೋಹಿತಮಾಪಕಕ್ಕೆ ಕಾಣುವುದು ಮೇಲಿನ ಕೂದಲೆಳೆಯಷ್ಟು ಪದರ ಮಾತ್ರವಾದ್ದರಿಂದ ಧೂಳು ಮುಚ್ಚಿದ ಕಡೆ ಅಡಿಯ ಶಿಲೆಯ ಗುರುತು ಸಿಗುವುದಿಲ್ಲ. ಈ ಧೂಳಿನ ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಕಾರಣ ಎಂಬುದು ಮೊದಲಿನಿಂದಲೂ ತಿಳಿದಿತ್ತು. ಅದು ಹೆಮಟೈಟ್ ಎಂದು ಬಹುಕಾಲ ನಂಬಲಾಗಿತ್ತಾದರೂ, ನೀರಿನಂಶವುಳ್ಳ ಫೆರಿಹೈಡ್ರೈಟ್ ಎಂಬ ಖನಿಜವೇ ಹೆಚ್ಚು ಹೊಂದುತ್ತದೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ.

ನೆಲದ ಮೇಲಿನ ಉಪಕರಣಗಳು

1976ರಲ್ಲಿ ಇಳಿದ ವೈಕಿಂಗ್ ನೌಕೆಗಳು ಮಣ್ಣಿನ ಮೇಲೆ ಕ್ಷ-ಕಿರಣ ಹಾಯಿಸಿ, ಅದರಲ್ಲಿ ಕಬ್ಬಿಣ ಹಾಗೂ ಗಂಧಕ ಹೆಚ್ಚಾಗಿರುವುದನ್ನು ಕಂಡುಕೊಂಡವು. 1997ರ ಸೊಜರ್ನರ್ ಎಂಬ ಪುಟ್ಟ ಬಂಡಿಯಿಂದ ಮೊದಲ್ಗೊಂಡು ಕ್ಯೂರಿಯಾಸಿಟಿಯವರೆಗೆ ಆಲ್ಫಾ ಕಣ ಕ್ಷ-ಕಿರಣ ಮಾಪಕವನ್ನು ಬಳಸಲಾಗಿದೆ. ಇದರಲ್ಲಿ ಕ್ಯೂರಿಯಂ ಎಂಬ ವಿಕಿರಣಶೀಲ ಧಾತುವಿನ ಚೂರನ್ನು ಕಲ್ಲಿಗೆ ಸಮೀಪ ಹಿಡಿದಾಗ ಕಲ್ಲಿನ ಪ್ರತಿ ಧಾತುವೂ ತನ್ನದೇ ಆದ ಕ್ಷ-ಕಿರಣವನ್ನು ಹೊರಸೂಸುತ್ತದೆ. ಸ್ಪಿರಿಟ್ ಹಾಗೂ ಆಪರ್ಚುನಿಟಿ ಎಂಬ ಅವಳಿ ಬಂಡಿಗಳಿಗೆ ಕಲ್ಲಿನ ಮೈಯನ್ನು ಉಜ್ಜಿ ಧೂಳು ಹಾಗೂ ಹೊರಪೊರೆಯನ್ನು ತೆಗೆಯುವ ಸಾಧನವನ್ನೂ ಅಳವಡಿಸಲಾಗಿತ್ತು.

2012ರ ಆಗಸ್ಟ್‌ನಲ್ಲಿ ಗೇಲ್ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ಬಂಡಿಯು ಸುಮಾರು 7 ಮೀಟರ್ ದೂರದ ಕಲ್ಲಿನ ಮೇಲೆ ಲೇಸರ್ ಹಾಯಿಸಿ, ಆವಿಯಾದ ಚುಕ್ಕೆಯ ಬೆಳಕಿನಿಂದ ಧಾತುಗಳನ್ನು ಗುರುತಿಸಬಲ್ಲದು. ಇದಕ್ಕಿಂತ ಮುಖ್ಯವಾದದ್ದು ಅದರ ಒಡಲಿನಲ್ಲಿರುವ ಕ್ಷ-ಕಿರಣ ವಿವರ್ತನ ಉಪಕರಣ. ಧಾತುಗಳ ಪಟ್ಟಿ ಗೊತ್ತಾದ ಮಾತ್ರಕ್ಕೆ ಖನಿಜ ಗೊತ್ತಾಗುವುದಿಲ್ಲ. ಒಂದೇ ಧಾತುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಗೊಂಡು ಬೇರೆ ಬೇರೆ ಖನಿಜಗಳಾಗುತ್ತವೆ. ಕಲ್ಲನ್ನು ಕೊರೆದು ಪುಡಿಯನ್ನು ಈ ಉಪಕರಣಕ್ಕೆ ಹಾಕಿದಲ್ಲಿ ಹರಳಿನ ಒಳಜೋಡಣೆಯೇ ತಿಳಿಯುತ್ತದೆ. ಭೂಮಿಯ ಹೊರಗೆ ಈ ಪರೀಕ್ಷೆಯನ್ನು ನಡೆಸಿದ್ದು ಅದೇ ಮೊದಲು.

ಉಪಕರಣಗಳು ಎಷ್ಟೇ ಇದ್ದರೂ ಆಕಸ್ಮಿಕದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. 2006ರಲ್ಲಿ ಸ್ಪಿರಿಟ್ ಬಂಡಿಯ ಮುಂದಿನ ಬಲಗಾಲಿ ಕೆಟ್ಟು ನಿಂತಿತು. ಅಂದಿನಿಂದ ಅದನ್ನು ಹಿಂದುಮುಂದಾಗಿ, ಕೆಟ್ಟ ಗಾಲಿಯನ್ನು ಎಳೆದುಕೊಂಡು ಓಡಿಸಬೇಕಾಯಿತು. 2007ರಲ್ಲಿ ಆ ಗಾಲಿ ನೆಲದಲ್ಲಿ ಕೊರೆದ ಗೆರೆಯಲ್ಲಿ ಬಿಳಿಯ ಮಣ್ಣು ಕಾಣಿಸಿಕೊಂಡಿತು. ಪರೀಕ್ಷಿಸಿದಾಗ ಅದು ಶೇಕಡ 90ರಷ್ಟು ಸಿಲಿಕಾ ಎಂದು ತಿಳಿಯಿತು. ಬಿಸಿನೀರಿನ ಬುಗ್ಗೆ ಅಥವಾ ಜ್ವಾಲಾಮುಖಿಯ ಬಿಸಿ ಆವಿಯಿಂದಲೇ ಇಂತಹ ನಿಕ್ಷೇಪ ಉಂಟಾಗುವುದು. ಗಾಲಿ ಸರಿಯಿದ್ದಿದ್ದರೆ ಅದು ಧೂಳಿನಡಿಯಲ್ಲಿಯೇ ಉಳಿಯುತ್ತಿತ್ತು. 2024ರ ಮೇ ತಿಂಗಳಿನಲ್ಲಿ ಕ್ಯೂರಿಯಾಸಿಟಿ ಬಂಡಿಯು ಹತ್ತಿ ಒಡೆದ ಕಲ್ಲೊಂದರೊಳಗೆ ಶುದ್ಧ ಗಂಧಕದ ಹಳದಿ ಹರಳುಗಳು ಕಂಡುಬಂದದ್ದೂ ಹೀಗೆಯೇ.

ಮೇಲಿನಿಂದ ಕಂಡದ್ದು, ಕೆಳಗೆ ಸಿಕ್ಕಿದ್ದು

ಸ್ಪಿರಿಟ್ ಬಂಡಿಯನ್ನು ಗುಸೆವ್ ಕುಳಿಗೆ ಕಳುಹಿಸಲು ಕಾರಣವಿತ್ತು. ಕುಳಿಯೊಳಕ್ಕೆ ದೊಡ್ಡ ಒಣ ನದಿಪಾತ್ರವೊಂದು ಪ್ರವೇಶಿಸುವುದರಿಂದ ಅಲ್ಲಿ ಹಿಂದೆ ಸರೋವರವಿದ್ದು ಅದರ ಹೂಳು ಸಿಗಬಹುದೆಂದು ನಿರೀಕ್ಷಿಸಲಾಗಿತ್ತು. 2004ರ ಜನವರಿಯಲ್ಲಿ ಇಳಿದಾಗ ಸುತ್ತಲೂ ಸಿಕ್ಕಿದ್ದು ಆಲಿವೀನ್ ಖನಿಜ ತುಂಬಿದ ಬಸಾಲ್ಟ್ ಲಾವಾ. ಹೂಳು ಇದ್ದಿದ್ದರೂ ಲಾವಾ ಅದನ್ನು ಮುಚ್ಚಿಹಾಕಿತ್ತು. ಅದೇ ತಿಂಗಳು ಗ್ರಹದ ಇನ್ನೊಂದು ಬದಿಯ ಮೆರಿಡಿಯಾನಿ ಬಯಲಿನಲ್ಲಿ ಇಳಿದ ಆಪರ್ಚುನಿಟಿಯ ಅನುಭವ ಇದಕ್ಕೆ ವಿರುದ್ಧ. ಕಕ್ಷೆಯಿಂದ ಹೆಮಟೈಟ್ ಕಂಡಿದ್ದ ಜಾಗದಲ್ಲಿ ಹೆಮಟೈಟ್ ಸಿಕ್ಕಿತು: ಕಾಳಿನ ಗಾತ್ರದ ಸಾವಿರಾರು ಗುಂಡುಗಳ ರೂಪದಲ್ಲಿ. ಜೊತೆಗೆ ಆಮ್ಲೀಯ ನೀರಿನಲ್ಲಿ ರೂಪುಗೊಳ್ಳುವ ಜಾರೋಸೈಟ್ ಎಂಬ ಖನಿಜವೂ ದೊರೆಯಿತು. ನಮ್ಮ ಬಳ್ಳಾರಿ, ಸಂಡೂರು ಭಾಗದ ಕಬ್ಬಿಣದ ಅದಿರಿನ ಮುಖ್ಯ ಖನಿಜವೂ ಹೆಮಟೈಟೇ ಆಗಿದೆ. ಜಾರೋಸೈಟ್ ಗುಜರಾತಿನ ಕಚ್ಛ್ ಜಿಲ್ಲೆಯ ಮಾತಾನೊಮಢ್ ಎಂಬಲ್ಲಿ ದೊರೆಯುತ್ತಿದ್ದು, ಮಂಗಳದ ಪರಿಸ್ಥಿತಿಯನ್ನು ಹೋಲುವ ಸ್ಥಳವೆಂದು ಭಾರತೀಯ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದ್ದಾರೆ.

2021ರ ಫೆಬ್ರವರಿ 18ರಂದು ಜೆಜೆರೊ ಕುಳಿಯಲ್ಲಿ ಇಳಿದ ಪರ್ಸಿವರೆನ್ಸ್ ಬಂಡಿಗೂ ಇಂತಹುದೇ ಅನುಭವವಾಯಿತು. ಕುಳಿಯ ಅಂಚಿನಲ್ಲಿ ನದಿ ಮುಖಜ ಭೂಮಿ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಕುಳಿಯ ತಳದ ಶಿಲೆಗಳು ಸರೋವರದ ಹೂಳಾಗಿರದೆ ಅಗ್ನಿಶಿಲೆಗಳಾಗಿದ್ದವು. ಹೂಳಿನ ಶಿಲೆಗಳು ಸಿಕ್ಕಿದ್ದು ಬಂಡಿಯು ಮುಖಜ ಭೂಮಿಯನ್ನು ತಲುಪಿದ ಮೇಲೆ.

ಇನ್ನೂ ಎಚ್ಚರಿಕೆಯ ಉದಾಹರಣೆ ಎಂದರೆ ಬೇಸಿಗೆಯಲ್ಲಿ ಇಳಿಜಾರುಗಳ ಮೇಲೆ ಮೂಡಿ ಚಳಿಗಾಲದಲ್ಲಿ ಮಾಯವಾಗುವ ಕಪ್ಪು ಗೆರೆಗಳದ್ದು. ಇವು ಹರಿಯುವ ಉಪ್ಪುನೀರಿನ ಗುರುತುಗಳೆಂದು 2015ರಲ್ಲಿ ಪ್ರಕಟಿಸಲಾಯಿತು ಮತ್ತು ಜಗತ್ತಿನಾದ್ಯಂತ ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿಯಾಯಿತು. 2017ರಲ್ಲಿ ಗೆರೆಗಳ ಇಳಿಜಾರನ್ನು ಅಳೆದು, ಇವು ಒಣ ಮರಳಿನ ಜಾರುವಿಕೆಗೆ ಹೊಂದುತ್ತವೆ ಎಂದು ತೋರಿಸಲಾಯಿತು. 2018ರಲ್ಲಿ, ಲವಣದ ಗುರುತೆಂದು ಭಾವಿಸಿದ ಕೆಲವು ಸಂಕೇತಗಳು ದತ್ತಾಂಶ ಸಂಸ್ಕರಣೆಯಲ್ಲಿಯೇ ಹುಟ್ಟಿದವೆಂದೂ ಕಂಡುಬಂದಿತು. ತಿದ್ದುಪಡಿಯು ಮುಖಪುಟಕ್ಕೆ ಬರಲಿಲ್ಲ. ಆದ್ದರಿಂದ ಮಂಗಳದಲ್ಲಿ ಇಂದಿಗೂ ನೀರು ಹರಿಯುತ್ತಿದೆ ಎಂಬ ಹೇಳಿಕೆ ಹಳೆಯ ಪುಸ್ತಕ ಹಾಗೂ ಲೇಖನಗಳಲ್ಲಿ ಕಂಡುಬಂದಲ್ಲಿ ಶಿಕ್ಷಕರು ಅದನ್ನು ಪರಿಶೀಲಿಸಿ ಬೋಧಿಸುವುದು ಒಳಿತು.

ಬಸಾಲ್ಟ್ ಮತ್ತು ಎರೆಮಣ್ಣು

ಮಂಗಳದ ಹೊರಪದರದ ಬಹುಭಾಗ ಬಸಾಲ್ಟ್ ಶಿಲೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಭಾಗದ ನಾಗರಿಕರಿಗೆ ಇದು ಅಪರಿಚಿತ ಕಲ್ಲಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಹರಿದ ಲಾವಾ ಹೆಪ್ಪುಗಟ್ಟಿ ಉಂಟಾದ ಕರಿಗಲ್ಲು ಇದೇ ಜಾತಿಯದು. ಮಂಗಳದ ಬಸಾಲ್ಟ್‌ನಲ್ಲಿ ಸಾಮಾನ್ಯವಾಗಿ ಕಬ್ಬಿಣದ ಅಂಶ ಹೆಚ್ಚು ಎಂಬುದು ಮುಖ್ಯ ವ್ಯತ್ಯಾಸ. ಮಹಾರಾಷ್ಟ್ರದ ಲೋಣಾರ್‌ನಲ್ಲಿ ಸುಮಾರು 1.8 ಕಿ.ಮೀ. ವ್ಯಾಸದ ಉಲ್ಕಾಘಾತ ಕುಳಿಯು ಈ ದಖ್ಖನ್ ಬಸಾಲ್ಟ್‌ನಲ್ಲಿಯೇ ಉಂಟಾಗಿರುವುದರಿಂದ, ಮಂಗಳದ ಕುಳಿಗಳನ್ನು ಅರಿಯಲು ಅದನ್ನು ಹೋಲಿಕೆಗಾಗಿ ಬಳಸಲಾಗುತ್ತದೆ.

ಬಸಾಲ್ಟ್ ಶಿಲೆಯು ನೀರಿನೊಂದಿಗೆ ದೀರ್ಘಕಾಲ ಬೆರೆತಲ್ಲಿ ಅದರ ಖನಿಜಗಳು ಕ್ರಮೇಣ ಜೇಡಿಯಾಗಿ ಮಾರ್ಪಡುತ್ತವೆ. ಉತ್ತರ ಕರ್ನಾಟಕದ ಎರೆಮಣ್ಣು ಉಂಟಾದದ್ದು ಹೀಗೆ. ಮಳೆಗಾಲದಲ್ಲಿ ಉಬ್ಬಿ ಅಂಟುವ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಅದರ ಗುಣಕ್ಕೆ ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜಗಳು ಕಾರಣ. 2013ರಲ್ಲಿ ಕ್ಯೂರಿಯಾಸಿಟಿ ಬಂಡಿಯು ಗೇಲ್ ಕುಳಿಯ ತಳದಲ್ಲಿ ಕೊರೆದ ಮೊದಲ ಕಲ್ಲಿನ ಪುಡಿಯಲ್ಲಿ ಕಂಡದ್ದೂ ಅದೇ ಸ್ಮೆಕ್ಟೈಟ್ ಗುಂಪಿನ ಜೇಡಿಯೇ. ಅಂದರೆ ಒಂದು ಕಾಲದಲ್ಲಿ ಅಲ್ಲಿ ಹೆಚ್ಚು ಆಮ್ಲವೂ ಅಲ್ಲದ, ಹೆಚ್ಚು ಉಪ್ಪೂ ಅಲ್ಲದ ನೀರು ನಿಂತಿತ್ತು. ಆ ಜೇಡಿ ಕಲ್ಲುಗಳ ಮೇಲಿನ ಪದರಗಳಲ್ಲಿ ಗಂಧಕದ ಲವಣಗಳು ಹೆಚ್ಚುತ್ತ ಹೋಗುವುದು, ಕಾಲ ಕಳೆದಂತೆ ಪರಿಸರ ಒಣಗುತ್ತ ಬಂದುದನ್ನು ಸೂಚಿಸುತ್ತದೆ.

ಕಾಲ ನಿರ್ಣಯದ ಸಮಸ್ಯೆ

ಮಂಗಳದ ಚರಿತ್ರೆಯನ್ನು ನೊವಾಕಿಯನ್, ಹೆಸ್ಪೀರಿಯನ್ ಹಾಗೂ ಅಮೆಜೋನಿಯನ್ ಎಂಬ ಮೂರು ಯುಗಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಸುಮಾರು 370 ಕೋಟಿ ವರ್ಷಗಳ ಹಿಂದೆ, ಎರಡನೆಯದು ಸುಮಾರು 300 ಕೋಟಿ ವರ್ಷಗಳ ಹಿಂದೆ ಮುಗಿಯಿತೆಂದು ಪಠ್ಯಗಳಲ್ಲಿ ನೀಡಲಾಗುತ್ತದೆ. ಈ ಅಂಕಿಗಳು ಹೇಗೆ ಬಂದವೆಂಬುದನ್ನು ತಿಳಿಯುವುದು ಅವಶ್ಯಕ.

ಮಳೆಯ ಮೊದಲ ಹನಿಗಳು ಧೂಳಿನ ಅಂಗಳದ ಮೇಲೆ ಬಿದ್ದಾಗ, ಹೊತ್ತು ಕಳೆದಷ್ಟೂ ಗುಳಿಗಳು ಹೆಚ್ಚುತ್ತವೆ. ಅದೇ ರೀತಿ ನೆಲ ಹಳೆಯದಾದಷ್ಟೂ ಅದರ ಮೇಲೆ ಉಲ್ಕಾಘಾತದ ಕುಳಿಗಳು ಹೆಚ್ಚು. ಆದರೆ ಹನಿಗಳು ಎಷ್ಟು ವೇಗದಲ್ಲಿ ಬೀಳುತ್ತಿದ್ದವು ಎಂದು ಗೊತ್ತಿಲ್ಲದೆ ಹೊತ್ತನ್ನು ಹೇಳಲಾಗದು. ಆ ವೇಗವನ್ನು ಮಂಗಳದಿಂದ ತಿಳಿದಿದ್ದಲ್ಲ, ಚಂದ್ರನಿಂದ ತಿಳಿದದ್ದು. 1969ರಿಂದ 1972ರವರೆಗೆ ಅಪೊಲೊ ಯಾತ್ರಿಗಳು ಚಂದ್ರನ ಆರು ಸ್ಥಳಗಳಿಂದ ತಂದ 382 ಕಿ.ಗ್ರಾಂ. ಕಲ್ಲು ಮಣ್ಣಿನ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಳೆದು, ಆಯಾ ಸ್ಥಳದ ಕುಳಿಗಳ ಸಂಖ್ಯೆಗೆ ಹೊಂದಿಸಿ, ನಂತರ ಆ ಲೆಕ್ಕವನ್ನು ಅಂದಾಜಿನ ಮೇಲೆ ಮಂಗಳಕ್ಕೆ ಅನ್ವಯಿಸಲಾಗಿದೆ. ಇದರಿಂದ ಅನೇಕ ಪ್ರದೇಶಗಳ ವಯಸ್ಸು ಎರಡು ಪಟ್ಟು ಹೆಚ್ಚುಕಡಿಮೆಯಾಗುವ ಸಾಧ್ಯತೆ ಇದೆ. ಒಂದು ಸರೋವರವು ಜೀವಿಗಳು ಹುಟ್ಟಿ ಬೆಳೆಯುವಷ್ಟು ಕಾಲ ಇತ್ತೇ ಇಲ್ಲವೇ ಎಂಬ ಪ್ರಶ್ನೆಗೆ ಇಂತಹ ಅಂದಾಜಿನಿಂದ ಉತ್ತರ ದೊರೆಯದು.

ಕ್ಯೂರಿಯಾಸಿಟಿ ಬಂಡಿಯು 2013ರಲ್ಲಿ ಪೊಟ್ಯಾಸಿಯಂ ಹಾಗೂ ಆರ್ಗಾನ್‌ಗಳನ್ನು ಅಳೆದು ಗೇಲ್ ಕುಳಿಯ ಕಲ್ಲೊಂದರ ವಯಸ್ಸನ್ನು ಸುಮಾರು 421 ಕೋಟಿ ವರ್ಷಗಳೆಂದು ನಿರ್ಣಯಿಸಿತು. ಬೇರೊಂದು ಗ್ರಹದ ನೆಲದ ಮೇಲೆಯೇ ಮಾಡಿದ ಮೊದಲ ಕಾಲ ನಿರ್ಣಯವಿದು. ಆದರೆ ಅದು ಹೂಳಿನ ಕಲ್ಲಾದ್ದರಿಂದ ತಿಳಿದದ್ದು ಎಲ್ಲಿಂದಲೋ ಕೊಚ್ಚಿಬಂದ ಕಣಗಳ ವಯಸ್ಸು, ಸರೋವರದ್ದಲ್ಲ. ಜೊತೆಗೆ 35 ಕೋಟಿ ವರ್ಷಗಳ ಏರುಪೇರೂ ಇದೆ.

ಭೂಮಿಗೆ ಬಂದ ಮಂಗಳದ ಕಲ್ಲುಗಳು

1865ರ ಆಗಸ್ಟ್ 25ರಂದು ಬಿಹಾರದ ಗಯಾ ಸಮೀಪದ ಶೇರ್‌ಘಾಟಿಯಲ್ಲಿ ಸುಮಾರು 5 ಕಿ.ಗ್ರಾಂ. ತೂಕದ ಕಲ್ಲೊಂದು ಆಕಾಶದಿಂದ ಬಿದ್ದಿತು. ಅದರಲ್ಲಿದ್ದ ಗಾಜಿನಂತಹ ಪದಾರ್ಥಕ್ಕೆ 1872ರಲ್ಲಿ ಮಾಸ್ಕೆಲಿನೈಟ್ ಎಂದು ಹೆಸರಿಡಲಾಯಿತು. ಭಾರೀ ಆಘಾತಕ್ಕೆ ಸಿಕ್ಕಿ ಹರಳಿನ ಜೋಡಣೆ ಕೆಟ್ಟ ಫೆಲ್ಡ್‌ಸ್ಪಾರ್ ಖನಿಜ ಅದು. ಕಲ್ಲು ಎಲ್ಲಿಂದ ಬಂದದ್ದೆಂಬುದು ಶತಮಾನಕ್ಕೂ ಮೀರಿ ತಿಳಿಯಲಿಲ್ಲ. 1983ರಲ್ಲಿ, ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಅದೇ ಜಾತಿಯ ಇನ್ನೊಂದು ಉಲ್ಕಾಶಿಲೆಯ ಗಾಜಿನೊಳಗೆ ಸಿಲುಕಿದ್ದ ಅನಿಲಗಳನ್ನು ಅಳೆದಾಗ ಅವು ವೈಕಿಂಗ್ ನೌಕೆಗಳು ಅಳೆದಿದ್ದ ಮಂಗಳದ ವಾಯುಮಂಡಲಕ್ಕೆ ಹೊಂದಿದವು. ಉಲ್ಕಾಘಾತದಿಂದ ಸಿಡಿದು ಬಾಹ್ಯಾಕಾಶಕ್ಕೆ ಎಸೆಯಲ್ಪಟ್ಟ ಮಂಗಳದ ತುಣುಕುಗಳಿವು. ಇಂದು ಈ ಜಾತಿಯ ಎಲ್ಲ ಕಲ್ಲುಗಳನ್ನೂ ಬಿಹಾರದ ಆ ಊರಿನ ಹೆಸರಿನಿಂದ ಶೆರ್ಗೊಟೈಟ್ ಎಂದೇ ಕರೆಯಲಾಗುತ್ತದೆ.

ಪ್ರಯೋಗಾಲಯದಲ್ಲಿ ಇವುಗಳ ವಯಸ್ಸನ್ನೂ ಸಂಯೋಜನೆಯನ್ನೂ ನಿಖರವಾಗಿ ಅಳೆಯಬಹುದು. ಕೊರತೆ ಏನೆಂದರೆ, ಇವು ಗ್ರಹದ ಯಾವ ಜಾಗದಿಂದ ಬಂದವು ಎಂಬುದು ಖಚಿತವಿಲ್ಲ. ವಿಳಾಸವಿಲ್ಲದ ಪತ್ರದಂತೆ, ಒಳಗಿನ ಬರಹ ಸ್ಪಷ್ಟ; ಬರೆದವರಾರು ಎಂಬುದು ಮಾತ್ರ ತಿಳಿಯದು.

ಸಂಗ್ರಹವಾಗಿರುವ ಮಾದರಿಗಳು

ಮೇಲ್ಕಂಡ ಕಾರಣಗಳಿಂದಾಗಿ, ಗೊತ್ತಾದ ಜಾಗದಿಂದ ಆಯ್ದ ಕಲ್ಲನ್ನು ಭೂಮಿಗೆ ತರುವುದೊಂದೇ ದಾರಿ ಎಂಬ ಅಭಿಪ್ರಾಯ ಬಲವಾಗಿದೆ. ಪರ್ಸಿವರೆನ್ಸ್ ಬಂಡಿಯು ಇದೇ ಉದ್ದೇಶದಿಂದ ಕಲ್ಲುಗಳನ್ನು ಕೊರೆದು ಸೀಸದಕಡ್ಡಿಗಿಂತ ತುಸು ದಪ್ಪನೆಯ ತುಂಡುಗಳನ್ನು ಲೋಹದ ಕೊಳವೆಗಳಲ್ಲಿ ಮುಚ್ಚಿಡುತ್ತ ಬಂದಿದೆ. ಬಂಡಿ ಕೆಟ್ಟುನಿಂತಲ್ಲಿ ಎಲ್ಲವೂ ಕೈತಪ್ಪಬಾರದೆಂದು 2022ರ ಡಿಸೆಂಬರ್‌ನಿಂದ 2023ರ ಜನವರಿಯವರೆಗೆ 10 ಕೊಳವೆಗಳನ್ನು ನೆಲದ ಮೇಲೆ ಇಳಿಸಿಡಲಾಗಿದೆ. 2024ರ ಜುಲೈನಲ್ಲಿ ಚೆಯಾವಾ ಫಾಲ್ಸ್ ಎಂಬ ಕಲ್ಲಿನಲ್ಲಿ ಚಿರತೆಯ ಮೈಯಂತಹ ಮಚ್ಚೆಗಳು ಕಂಡುಬಂದವು. ಅವುಗಳಲ್ಲಿ ಕಬ್ಬಿಣದ ಫಾಸ್ಫೇಟ್ ಹಾಗೂ ಕಬ್ಬಿಣದ ಸಲ್ಫೈಡ್ ಖನಿಜಗಳಿರಬಹುದೆಂದೂ, ಭೂಮಿಯಲ್ಲಿ ಇಂತಹವು ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಉಂಟಾಗುವುದುಂಟೆಂದೂ 2025ರ ಸೆಪ್ಟೆಂಬರ್‌ನಲ್ಲಿ ವರದಿಯಾಯಿತು. ಜೀವಿಗಳಿಲ್ಲದೆಯೂ ಅವು ಉಂಟಾಗಬಹುದು ಎಂಬುದನ್ನು ಅದೇ ವರದಿ ತಿಳಿಸುತ್ತದೆ. ಎರಡರಲ್ಲಿ ಯಾವುದೆಂದು ಬಂಡಿಯ ಉಪಕರಣಗಳಿಂದ ತೀರ್ಮಾನಿಸಲಾಗದು. ಆ ಕಲ್ಲಿನ ತುಂಡು ಕೊಳವೆಯೊಂದರಲ್ಲಿ ಸಿದ್ಧವಾಗಿದೆ.

ಅದನ್ನು ತರುವ ಯೋಜನೆಯ ವೆಚ್ಚವು 1,100 ಕೋಟಿ ಡಾಲರ್‌ವರೆಗೆ ಏರಬಹುದೆಂಬ ಅಂದಾಜಿನ ನಂತರ, 2024ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮೂಲ ಯೋಜನೆಯನ್ನು ಕೈಬಿಟ್ಟು ಬೇರೆ ಮಾರ್ಗಗಳನ್ನು ಹುಡುಕತೊಡಗಿತು. ಚೀನಾ ದೇಶವು 2028ರ ಸುಮಾರಿಗೆ ಇದೇ ಉದ್ದೇಶದ ಟಿಯಾನ್‌ವೆನ್ 3 ನೌಕೆಯನ್ನು ಕಳುಹಿಸುವುದಾಗಿ ಪ್ರಕಟಿಸಿದೆ.

ಭಾರತದ ಮಂಗಳಯಾನ

2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಉಡಾವಣೆಗೊಂಡ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆಯನ್ನು ಸೇರಿತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರ ಹಾಗೂ ಬ್ಯಾಲಾಳು ಗ್ರಾಮದ 32 ಮೀಟರ್ ವ್ಯಾಸದ ಆಂಟೆನಾ ಮೂಲಕ ನೌಕೆಯೊಂದಿಗೆ ಸಂಪರ್ಕವಿರಿಸಲಾಗಿತ್ತು. ನೌಕೆಯಲ್ಲಿದ್ದ ಐದು ಉಪಕರಣಗಳ ಒಟ್ಟು ತೂಕ ಸುಮಾರು 15 ಕಿ.ಗ್ರಾಂ. ಮಾತ್ರ. ಹೀಗಾಗಿ ಖನಿಜ ಶೋಧನೆಯಲ್ಲಿ ದೊಡ್ಡ ನೌಕೆಗಳೊಂದಿಗೆ ಅದನ್ನು ಹೋಲಿಸುವುದು ಸಮಂಜಸವಲ್ಲ. ಅತಿ ದೀರ್ಘವೃತ್ತದ ಕಕ್ಷೆಯಿಂದಾಗಿ ಗ್ರಹದ ಪೂರ್ಣ ಮುಖವನ್ನು ಒಂದೇ ಚಿತ್ರದಲ್ಲಿ ಸೆರೆಹಿಡಿಯುವ ಅನುಕೂಲ ಅದರ ವರ್ಣ ಕ್ಯಾಮೆರಾಕ್ಕೆ ಇತ್ತು. ಆರು ತಿಂಗಳ ಅವಧಿಗೆ ರೂಪಿಸಿದ್ದ ನೌಕೆಯು ಸುಮಾರು ಎಂಟು ವರ್ಷ ಕಾರ್ಯನಿರ್ವಹಿಸಿ, 2022ರ ಏಪ್ರಿಲ್‌ನಲ್ಲಿ ಸಂಪರ್ಕ ಕಳೆದುಕೊಂಡಿತು.

ಉಲ್ಕಾಶಿಲೆ ಎಂದು ಭಾವಿಸಿದ ಕಲ್ಲು ದೊರೆತಲ್ಲಿ

ಹೊಲ ಉಳುವಾಗ ಅಥವಾ ಬಾವಿ ತೋಡುವಾಗ ಸಿಕ್ಕ ಭಾರವಾದ ಕಪ್ಪು ಕಲ್ಲುಗಳನ್ನು ಉಲ್ಕಾಶಿಲೆ ಎಂದು ಭಾವಿಸುವುದು ಸಾಮಾನ್ಯ. ಇವುಗಳಲ್ಲಿ ಬಹುಪಾಲು ಕಬ್ಬಿಣದ ಅದಿರು ಅಥವಾ ಹಳೆಯ ಕುಲುಮೆಗಳ ಕಿಟ್ಟವಾಗಿರುತ್ತವೆ. ಒಳಗೆ ಗುಳ್ಳೆಗಳಂತಹ ತೂತುಗಳಿದ್ದಲ್ಲಿ ಅದು ಹೆಚ್ಚಾಗಿ ಕಿಟ್ಟ. ಹೊಳಪಿಲ್ಲದ ಬಿಲ್ಲೆಯ ಹಿಂಬದಿಗೆ ಉಜ್ಜಿದಾಗ ಕೆಂಪು ಗೆರೆ ಮೂಡಿದಲ್ಲಿ ಅದು ಹೆಮಟೈಟ್. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಸುಟ್ಟ ತೆಳು ಕಪ್ಪು ಹೊರಪೊರೆ ಇರುತ್ತದೆ ಮತ್ತು ಅನೇಕವು ಆಯಸ್ಕಾಂತಕ್ಕೆ ಸೆಳೆಯಲ್ಪಡುತ್ತವೆ. ಮಂಗಳದ ಕಲ್ಲುಗಳಲ್ಲಿ ಲೋಹದ ಕಬ್ಬಿಣ ಇರುವುದಿಲ್ಲವಾದ್ದರಿಂದ ಅವು ಸಾಧಾರಣ ಕರಿಗಲ್ಲಿನಂತೆಯೇ ಕಾಣುತ್ತವೆ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಗುರುತಿಸುವುದು ಅಸಾಧ್ಯ. ಆದಕಾರಣ ಮಂಗಳದ ಕಲ್ಲೆಂದು ಹೇಳಿ ಮಾರಾಟಕ್ಕೆ ಬರುವವರ ಮಾತಿಗೆ ಹಣ ತೊಡಗಿಸದಂತೆ ಸಾರ್ವಜನಿಕರಿಗೆ ಸಲಹೆ ನೀಡಲಾಗಿದೆ.

ಆಕಾಶದಿಂದ ಕಲ್ಲು ಬಿದ್ದುದನ್ನು ಕಣ್ಣಾರೆ ಕಂಡಲ್ಲಿ ಅದನ್ನು ಒಡೆಯಬಾರದು, ತೊಳೆಯಬಾರದು, ಆಯಸ್ಕಾಂತದಿಂದ ಮುಟ್ಟಿಸಬಾರದು. ಆಯಸ್ಕಾಂತದ ಸ್ಪರ್ಶದಿಂದ ಕಲ್ಲಿನಲ್ಲಿ ಉಳಿದಿರುವ ಹಳೆಯ ಕಾಂತೀಯ ಗುರುತು ಅಳಿಸಿಹೋಗುತ್ತದೆ. ಬಿದ್ದ ದಿನ, ಸಮಯ, ಸ್ಥಳಗಳನ್ನು ಬರೆದಿಟ್ಟು, ಸ್ಥಳದಲ್ಲಿದ್ದಂತೆಯೇ ಛಾಯಾಚಿತ್ರ ತೆಗೆದು, ಶುಭ್ರವಾದ ಒಣ ಹೊದಿಕೆಯಲ್ಲಿ ಸುತ್ತಿಡತಕ್ಕದ್ದು. ದೇಶದಲ್ಲಿ ಉಲ್ಕಾಶಿಲೆಗಳ ಸಂಗ್ರಹಣೆ ಹಾಗೂ ಪಾಲನೆಯ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದ್ದಾಗಿರುತ್ತದೆ. ಅದರ ಕೇಂದ್ರ ಕಚೇರಿಯು ಕೋಲ್ಕತಾದಲ್ಲಿದೆ. ಸ್ಥಳೀಯ ಆಡಳಿತದ ಮೂಲಕ ಅಥವಾ ನೇರವಾಗಿ ಸದರಿ ಸಂಸ್ಥೆಗೆ ಮಾಹಿತಿ ನೀಡಬಹುದು.

ಮಂಗಳಯಾನದ ದತ್ತಾಂಶವನ್ನು ಇಸ್ರೋ ಸಂಸ್ಥೆಯು 2016ರ ಸೆಪ್ಟೆಂಬರ್‌ನಿಂದ ಬ್ಯಾಲಾಳುವಿನಲ್ಲಿರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದ ಅಂತರ್ಜಾಲ ತಾಣದ ಮೂಲಕ ಸಾರ್ವಜನಿಕರಿಗೆ ಬಿಡುಗಡೆ ಮಾಡಿದೆ. ನಾಸಾ ಸಂಸ್ಥೆಯ ಬಂಡಿಗಳು ಕಳುಹಿಸುವ ಚಿತ್ರಗಳನ್ನು ಆ ಸಂಸ್ಥೆಯ ತಾಣದಲ್ಲಿ ಯಾವುದೇ ಶುಲ್ಕವಿಲ್ಲದೆ ನೋಡಬಹುದಾಗಿದೆ.